ಕುರಿಯ ಉಣ್ಣೆ, ಘೇಂಡಾಮೃಗದ ಕೊಂಬು: ಒಂದು ಸಂರಕ್ಷಣಾ ಪಾಠದ ಅನುಭವ

ಬೋಧನಾಭ್ಯಾಸದ ಎರಡನೆಯ ಹಂತದಲ್ಲಿ ನನಗೆ ಚಳ್ಳಕೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯ ಎಂಟನೇ ತರಗತಿ ಹಂಚಿಕೆಯಾಗಿತ್ತು. ವಿಷಯ ವಿಜ್ಞಾನ, ಘಟಕ ‘ಸಸ್ಯಗಳು ಮತ್ತು ಪ್ರಾಣಿಗಳ ಸಂರಕ್ಷಣೆ’. ತರಗತಿಯಲ್ಲಿ 34 ಮಕ್ಕಳಿದ್ದರು. ಅವರಲ್ಲಿ ಹಲವರು ಕುರಿ ಸಾಕುವ ಮನೆಯವರು ಎಂಬುದು ಮೊದಲ ದಿನವೇ ತಿಳಿದಿತ್ತು. ಆದರೆ ಅದನ್ನು ಹಾಜರಿ ಪುಸ್ತಕದ ಒಂದು ಮಾಹಿತಿಯೆಂದು ತಿಳಿದೆನೇ ಹೊರತು ಪಾಠಕ್ಕೆ ಒದಗುವ ಪೂರ್ವಜ್ಞಾನವೆಂದು ತಿಳಿಯಲಿಲ್ಲ. ಈ ಲೇಖನದಲ್ಲಿ ಹೇಳಹೊರಟಿರುವುದು ಆ ಲೋಪದಿಂದ ಕಲಿತದ್ದನ್ನು.

ಪಠ್ಯಪುಸ್ತಕದಲ್ಲಿ ರಾಷ್ಟ್ರೀಯ ಉದ್ಯಾನ, ವನ್ಯಜೀವಿಧಾಮ, ಜೀವಗೋಳ ಮೀಸಲು ಪ್ರದೇಶಗಳ ವಿವರಣೆ ಇದೆ. ಇವನ್ನು ಓದಿದ ಮಕ್ಕಳಿಗೆ ಕಾಡುಪ್ರಾಣಿಗಳನ್ನು ಉಳಿಸುವುದು ಸರ್ಕಾರದ ಕೆಲಸ ಮಾತ್ರ ಎಂಬ ಭಾವನೆ ಬರುತ್ತದೆ. ಬೇರೆ ವ್ಯವಸ್ಥೆಯೂ ಇದೆ ಎಂದು ತೋರಿಸಲು ವಿಸ್ತರಣಾ ಚಟುವಟಿಕೆಗೆ ದಕ್ಷಿಣ ಆಫ್ರಿಕಾದ ಖಾಸಗಿ ಅಭಯಾರಣ್ಯಗಳಲ್ಲಿರುವ ಘೇಂಡಾಮೃಗವನ್ನು ಆರಿಸಿಕೊಂಡೆ. ಆ ದೇಶದ ಘೇಂಡಾಮೃಗಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಖಾಸಗಿಯವರ ಜಮೀನುಗಳಲ್ಲಿ.

ಮೊದಲ ಅವಧಿ: ನಾನು ಮಾಡಿದ ತಪ್ಪು

ಪೀಠಿಕೆಯಾಗಿ, ಕೊಂಬಿರುವ ಪ್ರಾಣಿಗಳನ್ನು ಹೆಸರಿಸಲು ಹೇಳಿದೆ. ಹಸು, ಎಮ್ಮೆ, ಟಗರು, ಹೋತ, ಚುಕ್ಕೆ ಜಿಂಕೆ, ಕೃಷ್ಣಮೃಗ ಎಂದು ಮಕ್ಕಳು ಹೇಳುತ್ತ ಹೋದರು. ಎಲ್ಲವನ್ನೂ ಕಪ್ಪುಹಲಗೆಯ ಮೇಲೆ ಒಂದೇ ಪಟ್ಟಿಯಲ್ಲಿ ಬರೆದು, ಕೊನೆಗೆ ‘ಘೇಂಡಾಮೃಗ’ ಎಂದು ಸೇರಿಸಿದೆ. ನಂತರ ಚಾರ್ಟ್ ತೂಗುಹಾಕಿ, ಕೊಂಬಿಗಾಗಿ ನಡೆಯುವ ಕಳ್ಳಬೇಟೆಯನ್ನು ವಿವರಿಸತೊಡಗಿದೆ.

ಆಗ ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು, “ಮಿಸ್, ಅದರ ಕೊಂಬು ಕತ್ತರಿಸಿದರೆ ಮತ್ತೆ ಬೆಳೆಯುತ್ತಾ?” ಎಂದು ಕೇಳಿದ.

ನಾನು ತಡಮಾಡದೆ ಉತ್ತರಿಸಿದೆ: “ಇಲ್ಲ. ಕೊಂಬಿನ ಒಳಗೆ ಮೂಳೆ ಇರುತ್ತೆ. ಕತ್ತರಿಸಿದರೆ ರಕ್ತ ಹೋಗಿ ಪ್ರಾಣಿ ಸಾಯುತ್ತೆ.”

“ಟಗರಿನ ಕೊಂಬು ಮುರಿದರೆ ರಕ್ತ ಬರುತ್ತೆ, ಆದರೆ ಸಾಯಲ್ಲ ಮಿಸ್. ನಾವು ಅರಿಶಿನ ಹಚ್ಚಿ ಬಟ್ಟೆ ಕಟ್ತೀವಿ” ಎಂದ. ಮಕ್ಕಳು ನಕ್ಕರು. ನನಗೆ ಸಿಟ್ಟು ಬಂತು. “ಕೂತ್ಕೋ, ಪಾಠ ಕೇಳು” ಎಂದೆ. ಅವನು ಕುಳಿತ. ಆ ಅವಧಿ ಮುಗಿಯುವವರೆಗೆ ಬೇರೆ ಯಾರೂ ಪ್ರಶ್ನೆ ಕೇಳಲಿಲ್ಲ. ತರಗತಿ ನಿಯಂತ್ರಣ ಚೆನ್ನಾಗಿತ್ತೆಂದು ನಾನು ಸಮಾಧಾನಪಟ್ಟುಕೊಂಡೆ.

ಮಾರ್ಗದರ್ಶಕ ಉಪನ್ಯಾಸಕರ ವೀಕ್ಷಣಾ ಟಿಪ್ಪಣಿಯಲ್ಲಿ ಚಾರ್ಟ್, ಧ್ವನಿ, ಕಪ್ಪುಹಲಗೆ ಕೆಲಸ ಮೂರಕ್ಕೂ ಒಳ್ಳೆಯ ಅಭಿಪ್ರಾಯವಿತ್ತು. ಕೆಳಗೆ ಒಂದು ಸಾಲು ಮಾತ್ರ ಬೇರೆ: ‘ಮರುಬೆಳವಣಿಗೆಯ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಪರಿಶೀಲಿಸಿ.’

ಅಂದು ಸಂಜೆ ಪರಿಶೀಲಿಸಿದಾಗ ನನ್ನ ಉತ್ತರ ಪೂರ್ತಿ ತಪ್ಪೆಂದು ತಿಳಿಯಿತು. ಪ್ರಾಣಿಶಾಸ್ತ್ರವನ್ನು ಐಚ್ಛಿಕವಾಗಿ ಓದುತ್ತಿರುವವಳಿಗೆ ಇದು ಸಣ್ಣ ಮುಜುಗರವಲ್ಲ. ಮುಂದಿನ ಅವಧಿ ಅಂಕ ಕೊಡುವ ಪಾಠವಾಗಿತ್ತು. ಹೊಸ ಉಪಘಟಕಕ್ಕೆ ಹೋಗಿಬಿಟ್ಟರೆ ತಪ್ಪು ಯಾರ ಗಮನಕ್ಕೂ ಬರುತ್ತಿರಲಿಲ್ಲ. ಆದರೆ 34 ಮಕ್ಕಳ ನೋಟ್ ಪುಸ್ತಕದಲ್ಲಿ ಅದು ಹಾಗೇ ಉಳಿಯುತ್ತಿತ್ತು. ಒಂದು ರಾತ್ರಿ ಯೋಚಿಸಿ ಪಾಠ ಯೋಜನೆಯನ್ನು ಬದಲಿಸಿದೆ.

ಮೊದಲು ನಾನು ಕಲಿತದ್ದು

ಕಪ್ಪುಹಲಗೆಯ ಒಂದೇ ಪಟ್ಟಿಯಲ್ಲಿ ನಾನು ಬರೆದಿದ್ದವು ಮೂರು ಬೇರೆ ಬೇರೆ ರಚನೆಗಳು.

1. ಹಸು, ಎಮ್ಮೆ, ಕುರಿ, ಮೇಕೆ, ಕೃಷ್ಣಮೃಗ: ಒಳಗೆ ಮೂಳೆಯ ತಿರುಳು, ಹೊರಗೆ ಕೆರಾಟಿನ್ ಕವಚ. ಇದು ಉದುರುವುದಿಲ್ಲ.
2. ಚುಕ್ಕೆ ಜಿಂಕೆ, ಕಡವೆ: ಇದು ಕವಲುಗೊಂಬು. ಪೂರ್ತಿ ಮೂಳೆ. ಗಂಡಿನಲ್ಲಿ ಬೆಳೆದು, ಉದುರಿ, ಮತ್ತೆ ಬೆಳೆಯುತ್ತದೆ.
3. ಘೇಂಡಾಮೃಗ: ಒಳಗೆ ಮೂಳೆಯೇ ಇಲ್ಲ. ಕೊಂಬಿನ ಮುಖ್ಯ ವಸ್ತು ಕೆರಾಟಿನ್. ಮೂಗಿನ ಮೂಳೆಯ ಮೇಲಿರುವ ಚರ್ಮದಿಂದ ಜೀವಮಾನವಿಡೀ ಬೆಳೆಯುತ್ತದೆ.

ಕೆರಾಟಿನ್ ಒಂದು ಪ್ರೋಟೀನು. ನಮ್ಮ ಉಗುರು ಮತ್ತು ಕೂದಲು, ದನದ ಗೊರಸು, ಕುರಿಯ ಉಣ್ಣೆ ಎಲ್ಲ ಇದರಿಂದಲೇ ಆದವು. ಬೆಳೆಯುವ ಭಾಗವನ್ನು ಬಿಟ್ಟು ಮೇಲಿನಿಂದ ಕತ್ತರಿಸಿದರೆ ಘೇಂಡಾಮೃಗಕ್ಕೆ ನೋವಾಗುವುದಿಲ್ಲ, ಕೊಂಬು ಮತ್ತೆ ಬರುತ್ತದೆ. ಹಾಗಾದರೆ ಕಳ್ಳಬೇಟೆಗಾರರು ಕೊಲ್ಲುವುದೇಕೆ? ಅರಿವಳಿಕೆ ಇಲ್ಲದೆ ಎರಡು ಟನ್ ತೂಗಬಲ್ಲ ಪ್ರಾಣಿಯ ಹತ್ತಿರ ಹೋಗಲಾಗುವುದಿಲ್ಲ. ಅವರಿಗೆ ಕೊಂಬು ಬುಡಸಮೇತ ಬೇಕು, ಅದೂ ಕೆಲವೇ ನಿಮಿಷಗಳಲ್ಲಿ.

ಎರಡನೆಯ ಅವಧಿಯ ಕಲಿಕಾ ಉದ್ದೇಶಗಳನ್ನು ಹೀಗೆ ಬರೆದುಕೊಂಡೆ:

- ಮೂರು ಬಗೆಯ ಕೊಂಬುಗಳ ರಚನೆಯ ವ್ಯತ್ಯಾಸವನ್ನು ಗುರುತಿಸುವರು.
- ಕಳ್ಳಬೇಟೆಯ ಅಂಕಿಅಂಶಗಳನ್ನು ನಕ್ಷೆಗೆ ಇಳಿಸಿ ವ್ಯಾಖ್ಯಾನಿಸುವರು.
- ಪ್ರಾಣಿಯೊಂದನ್ನು ಉಳಿಸುವ ಖರ್ಚು ಮತ್ತು ಹಕ್ಕು ಯಾರದು ಎಂಬ ಪ್ರಶ್ನೆಗೆ ಕಾರಣಸಹಿತ ಅಭಿಪ್ರಾಯ ಹೇಳುವರು.

ಮೊದಲ ಯೋಜನೆಯಲ್ಲಿ ‘ಸಂರಕ್ಷಣೆಯ ಮಹತ್ವವನ್ನು ಮೆಚ್ಚುವರು’ ಎಂದು ಬರೆದಿದ್ದೆ. ಮೆಚ್ಚಿದರೋ ಇಲ್ಲವೋ ಎಂದು ಅಳೆಯುವ ದಾರಿ ನನಗೆ ಗೊತ್ತಿರಲಿಲ್ಲ, ಅದನ್ನು ಕೈಬಿಟ್ಟೆ.

ಎರಡನೆಯ ಅವಧಿ: ತಿದ್ದುಪಡಿಯಿಂದ ಆರಂಭ

“ಹಿಂದಿನ ತರಗತಿಯಲ್ಲಿ ಒಂದು ಪ್ರಶ್ನೆಗೆ ನಾನು ತಪ್ಪು ಉತ್ತರ ಹೇಳಿದೆ. ಘೇಂಡಾಮೃಗದ ಕೊಂಬು ಮತ್ತೆ ಬೆಳೆಯುತ್ತದೆ. ನೋಟ್ ಪುಸ್ತಕದಲ್ಲಿ ಬರೆದಿದ್ದರೆ ಈಗಲೇ ತಿದ್ದಿಕೊಳ್ಳಿ” ಎಂದೆ. ತರಗತಿ ಒಂದು ಕ್ಷಣ ಸುಮ್ಮನಾಯಿತು. ಪ್ರಶ್ನೆ ಕೇಳಿದ್ದ ಹುಡುಗ ತಲೆ ತಗ್ಗಿಸಿಕೊಂಡೇ ತಿದ್ದಿದ. ನನ್ನ ಕೈಯಲ್ಲಿದ್ದ ಸೀಮೆಸುಣ್ಣ ನಡುಗುತ್ತಿದ್ದುದು ನಿಜ.

ಆಮೇಲೆ ಮೇಜಿನ ಮೇಲೆ ಮೂರು ವಸ್ತು ಇಟ್ಟೆ: ಒಂದು ಹಿಡಿ ಕುರಿ ಉಣ್ಣೆ, ಕತ್ತರಿಸಿದ ಉಗುರಿನ ಚೂರು, ಹಳೆಯ ಟಗರಿನ ಕೊಂಬಿನ ಕವಚ. ಮೂರೂ ಮಕ್ಕಳೇ ತಂದುಕೊಟ್ಟವು. ಇವುಗಳಲ್ಲಿ ಸಾಮಾನ್ಯವಾದದ್ದೇನು ಎಂದು ಚರ್ಚಿಸಿ ‘ಕೆರಾಟಿನ್’ ಪದಕ್ಕೆ ಬಂದೆವು. ಮೂರು ಬಗೆಯ ಕೊಂಬುಗಳ ಪಟ್ಟಿಯನ್ನು ಮಕ್ಕಳೇ ಕಪ್ಪುಹಲಗೆಯ ಮೇಲೆ ತುಂಬಿಸಿದರು.

ಖಾಸಗಿ ಅಭಯಾರಣ್ಯದ ಬದುಕು

ಮುಂದಿನ ಹತ್ತು ನಿಮಿಷ ಚಿತ್ರಗಳ ಮೂಲಕ ವಿವರಣೆ. ಕ್ರೂಗರ್ ರಾಷ್ಟ್ರೀಯ ಉದ್ಯಾನದ ಪಶ್ಚಿಮ ಅಂಚಿನಲ್ಲಿ ಸಾಬಿ ಸ್ಯಾಂಡ್, ಟಿಂಬಾವಾಟಿ, ಕ್ಲಾಸೆರಿ, ಬಾಲುಲೆ ಎಂಬ ಖಾಸಗಿ ಅಭಯಾರಣ್ಯಗಳಿವೆ. 1993ರಲ್ಲಿ ಟಿಂಬಾವಾಟಿ ಮತ್ತು ಕ್ರೂಗರ್ ನಡುವಿನ ಬೇಲಿಯನ್ನು ತೆಗೆದರು. ಅಂದಿನಿಂದ ಇಂದು ಖಾಸಗಿ ಜಮೀನಿನಲ್ಲಿ ಮೇಯುವ ಪ್ರಾಣಿ ನಾಳೆ ರಾಷ್ಟ್ರೀಯ ಉದ್ಯಾನದಲ್ಲಿರಬಹುದು.

ಅಲ್ಲಿ ಎರಡು ಜಾತಿಯ ಘೇಂಡಾಮೃಗಗಳಿವೆ. ಹೆಸರು ಬಿಳಿ ಮತ್ತು ಕಪ್ಪು ಎಂದಿದ್ದರೂ ಎರಡೂ ಬೂದು ಬಣ್ಣದವೇ. ಗುರುತಿಸುವುದು ತುಟಿಯಿಂದ. ಬಿಳಿಯದಕ್ಕೆ ಅಗಲ ತುಟಿ. ಅದು ಹುಲ್ಲು ಮೇಯುತ್ತದೆ. ಕಪ್ಪಿಗೆ ಕೊಕ್ಕಿನಂಥ ಚೂಪು ತುಟಿ. ಅದು ಗಿಡಗಂಟಿಗಳ ಎಲೆ, ಕಡ್ಡಿ ತಿನ್ನುತ್ತದೆ. “ಒಂದು ಕುರಿ, ಇನ್ನೊಂದು ಮೇಕೆ” ಎಂದಳು ಒಬ್ಬ ಹುಡುಗಿ. ಆಹಾರಾಭ್ಯಾಸದ ವ್ಯತ್ಯಾಸಕ್ಕೆ ಇದಕ್ಕಿಂತ ಸರಳ ಹೋಲಿಕೆ ನನ್ನ ಯೋಜನೆಯಲ್ಲಿರಲಿಲ್ಲ.

ಬಿಳಿ ಘೇಂಡಾಮೃಗ ಮತ್ತೆ ಮತ್ತೆ ಮೇದ ಕಡೆ ಹುಲ್ಲು ಗಿಡ್ಡವಾಗಿ ಹಾಸಿದಂತಾಗುತ್ತದೆ. ಗಿಡ್ಡ ಹುಲ್ಲು ಬಯಸುವ ಇತರ ಪ್ರಾಣಿಗಳಿಗೆ ಅದು ಮೇವಿನ ತಾಣ. ಹಲವು ಪ್ರಾಣಿಗಳು ಒಂದೇ ಕಡೆ ಲದ್ದಿ ಹಾಕಿ ಗುಡ್ಡೆ ಮಾಡುತ್ತವೆ. ದೃಷ್ಟಿ ಮಂದ, ಘ್ರಾಣಶಕ್ತಿ ಚುರುಕು. ಹಾಗಾಗಿ ಯಾರು ಬಂದುಹೋದರು ಎಂಬ ಸುದ್ದಿಯನ್ನು ಆ ಗುಡ್ಡೆಯ ವಾಸನೆಯಿಂದ ತಿಳಿಯುತ್ತವೆ. ಬಿಸಿಲಿಗೂ ಕೀಟಗಳ ಕಾಟಕ್ಕೂ ಕೆಸರಿನಲ್ಲಿ ಹೊರಳುತ್ತವೆ. ಗರ್ಭಾವಧಿ ಸುಮಾರು 16 ತಿಂಗಳು, ಹುಟ್ಟುವುದು ಒಂದೇ ಮರಿ. “ನಮ್ಮ ಕುರಿಗೆ ಐದು ತಿಂಗಳು” ಎಂದು ಮಕ್ಕಳು ಲೆಕ್ಕ ಹಾಕಿದರು. ಕಳೆದುಕೊಂಡ ಸಂಖ್ಯೆ ಬೇಗ ತುಂಬದಿರುವುದೇಕೆ ಎಂಬುದಕ್ಕೆ ಪ್ರತ್ಯೇಕ ವಿವರಣೆ ಬೇಕಾಗಲಿಲ್ಲ.

ಬಾಲುಲೆಯಲ್ಲಿ 2013ರಲ್ಲಿ ಆರಂಭವಾದ ‘ಬ್ಲ್ಯಾಕ್ ಮಾಂಬಾಸ್’ ಎಂಬ ಗಸ್ತು ಪಡೆಯ ಚಿತ್ರವನ್ನೂ ತೋರಿಸಿದೆ. ಅದರಲ್ಲಿ ಬಹುತೇಕ ಮಹಿಳೆಯರು, ಸುತ್ತಲಿನ ಊರಿನವರು. ಬಂದೂಕಿಲ್ಲದೆ ಬೇಲಿಯುದ್ದಕ್ಕೂ ನಡೆದು ಹೆಜ್ಜೆಗುರುತು ನೋಡುತ್ತಾರೆ, ಉರುಳುಗಳನ್ನು ಕೀಳುತ್ತಾರೆ. 2015ರಲ್ಲಿ ಅವರಿಗೆ ವಿಶ್ವಸಂಸ್ಥೆಯ ‘ಚಾಂಪಿಯನ್ಸ್ ಆಫ್ ದಿ ಅರ್ಥ್’ ಪ್ರಶಸ್ತಿ ಬಂತು. ಹೆಣ್ಣುಮಕ್ಕಳ ಸಾಲಿನಿಂದ ಆ ದಿನದ ಮೊದಲ ಪ್ರಶ್ನೆ ಬಂದದ್ದು ಇಲ್ಲಿ: “ರಾತ್ರಿನೂ ನಡೀತಾರಾ ಮಿಸ್?” ರಾತ್ರಿಯೂ ಗಸ್ತು ಇರುತ್ತದೆ ಎಂದೆ.

ನಕ್ಷೆ ಹೇಳಿದ್ದು

19ನೇ ಶತಮಾನದ ಕೊನೆಗೆ ದಕ್ಷಿಣದ ಬಿಳಿ ಘೇಂಡಾಮೃಗ ನೂರಕ್ಕಿಂತ ಕಡಿಮೆ ಉಳಿದಿತ್ತು. ಅವು ಉಳಿದ ಉಂಫೊಲೋಜಿ ಪ್ರದೇಶವನ್ನು 1895ರಲ್ಲಿ ಸಂರಕ್ಷಿತವೆಂದು ಘೋಷಿಸಿದರು. 1960ರ ದಶಕದಲ್ಲಿ ಇಯಾನ್ ಪ್ಲೇಯರ್ ನೇತೃತ್ವದಲ್ಲಿ ‘ಆಪರೇಷನ್ ರೈನೋ’ ನಡೆಯಿತು. ಅರಿವಳಿಕೆ ಬಾಣದಿಂದ ಪ್ರಾಣಿಗಳನ್ನು ಮಲಗಿಸಿ ಬೇರೆ ಉದ್ಯಾನಗಳಿಗೆ, ಮೃಗಾಲಯಗಳಿಗೆ, ಖಾಸಗಿ ಜಮೀನುಗಳಿಗೆ ಸಾಗಿಸಿದರು. 2012ರ ಹೊತ್ತಿಗೆ ಸಂಖ್ಯೆ 20,000 ದಾಟಿತು. ಆದರೆ ಅಷ್ಟರಲ್ಲಿ ಕಳ್ಳಬೇಟೆ ಏರತೊಡಗಿತ್ತು. ದಕ್ಷಿಣ ಆಫ್ರಿಕಾ ಸರ್ಕಾರ ಪ್ರಕಟಿಸಿದ ಲೆಕ್ಕವನ್ನು ಮಕ್ಕಳಿಗೆ ಕೊಟ್ಟೆ:

2007: 13
2008: 83
2010: 333
2012: 668
2014: 1,215
2016: 1,054
2018: 769
2020: 394
2022: 448
2024: 420

ಒಂದು ಸೆಂಟಿಮೀಟರಿಗೆ 100 ಪ್ರಾಣಿಯಂತೆ ರೇಖಾನಕ್ಷೆ ಬರೆಯುವ ಕೆಲಸ. ಬರೆದ ಮೇಲೆ, “2014ರ ನಂತರ ಗೆರೆ ಇಳಿದಿದೆ. ಇದು ಒಳ್ಳೆಯ ಸುದ್ದಿಯೇ?” ಎಂದು ಕೇಳಿದೆ. ಬಹಳ ಮಂದಿ ಹೌದೆಂದರು. ಮೊದಲ ದಿನ ಪ್ರಶ್ನೆ ಕೇಳಿದ್ದ ಹುಡುಗ ಮಾತ್ರ ನಿಧಾನವಾಗಿ, “ಕದಿಯೋಕೆ ಪ್ರಾಣಿನೇ ಕಡಿಮೆ ಆಗಿರಬಹುದು” ಎಂದ.

ಅವನ ಮಾತಿನಲ್ಲಿ ದೊಡ್ಡ ಭಾಗ ಸತ್ಯ. ಕಾವಲು ಬಿಗಿಯಾದದ್ದು, 2020ರಲ್ಲಿ ಕೊರೊನಾದಿಂದ ಓಡಾಟ ನಿಂತದ್ದು ಕಾರಣಗಳು ಹೌದು. ಜೊತೆಗೆ ಕ್ರೂಗರ್ ಉದ್ಯಾನದಲ್ಲಿ ಘೇಂಡಾಮೃಗಗಳೇ ಬಹಳ ಕಡಿಮೆಯಾಗಿದ್ದವು. 2023ರಲ್ಲಿ ದೇಶದಲ್ಲಿ ಸತ್ತ 499ರಲ್ಲಿ ಕ್ರೂಗರ್‌ನಲ್ಲಿ ಸತ್ತವು 78. ಶ್ಲುಶ್ಲುವೆ-ಇಂಫೊಲೋಜಿ ಉದ್ಯಾನ ಒಂದರಲ್ಲೇ 307. ಕಳ್ಳರು ಪ್ರಾಣಿ ಇರುವ ಕಡೆಗೆ ಹೋಗಿದ್ದರು. ಹಿಂದೆ ಸಂತತಿಯನ್ನು ಉಳಿಸಿಕೊಟ್ಟ ಉಂಫೊಲೋಜಿ ಈಗ ಇದೇ ಉದ್ಯಾನದ ಭಾಗ ಎಂದಾಗ ಮಕ್ಕಳು ನಕ್ಷೆಯನ್ನು ಮತ್ತೊಮ್ಮೆ ನೋಡಿದರು.

ಯಾರ ಪ್ರಾಣಿ, ಯಾರ ಖರ್ಚು?

ಕೊನೆಯ ಹದಿನೈದು ನಿಮಿಷ ಗುಂಪು ಚರ್ಚೆ. ‘ಘೇಂಡಾಮೃಗದ ಕೊಂಬನ್ನು ಕತ್ತರಿಸಿ ಮಾರಲು ಮಾಲೀಕರಿಗೆ ಅವಕಾಶ ಕೊಡಬೇಕೆ?’ ಎಂಬುದು ಪ್ರಶ್ನೆ. ಜಮೀನಿನ ಮಾಲೀಕರು, ಗಸ್ತಿನವರು, ಸರ್ಕಾರ, ಪಕ್ಕದ ಊರಿನವರು ಎಂದು ನಾಲ್ಕು ಗುಂಪು. ಪ್ರತಿ ಗುಂಪಿಗೂ ಒಂದೊಂದು ಮಾಹಿತಿ ಚೀಟಿ ಕೊಟ್ಟೆ. ಚೀಟಿಗಳಲ್ಲಿ ಇದ್ದ ಮುಖ್ಯ ಅಂಶಗಳಿವು:

- ದಕ್ಷಿಣ ಆಫ್ರಿಕಾದ 1991ರ ಕಾನೂನಿನಂತೆ, ಸರಿಯಾಗಿ ಬೇಲಿ ಹಾಕಿದ ಜಮೀನಿನಿಂದ ಪ್ರಾಣಿ ತಪ್ಪಿಸಿಕೊಂಡರೂ ಮಾಲೀಕನ ಹಕ್ಕು ಹೋಗುವುದಿಲ್ಲ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಘೇಂಡಾಮೃಗವನ್ನು ಯಾರೂ ಸ್ವಂತಕ್ಕೆ ಸಾಕಿ ಮಾರುವಂತಿಲ್ಲ.
- ಕೊಂಬಿನ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1977ರಿಂದ ನಿಷೇಧವಿದೆ. ದಕ್ಷಿಣ ಆಫ್ರಿಕಾದ ಒಳಗೆ 2009ರಲ್ಲಿ ಬಂದ ತಡೆ ನ್ಯಾಯಾಲಯದಲ್ಲಿ ಬಿದ್ದುಹೋಗಿ, 2017ರಿಂದ ಪರವಾನಗಿಯೊಂದಿಗೆ ದೇಶದೊಳಗೆ ಮಾರಬಹುದು. ಆದರೆ ಕೊಂಬಿಗೆ ಬೇಡಿಕೆ ಇರುವುದು ಮುಖ್ಯವಾಗಿ ವಿಯೆಟ್ನಾಂ ಮತ್ತು ಚೀನಾದಲ್ಲಿ.
- ಕೊಂಬು ತೆಗೆಯಲು ಹೆಲಿಕಾಪ್ಟರ್‌ನಿಂದ ಅರಿವಳಿಕೆ ಬಾಣ ಹೊಡೆದು, ಕಣ್ಣಿಗೆ ಬಟ್ಟೆ ಕಟ್ಟಿ, ಬೆಳೆಯುವ ಭಾಗದ ಮೇಲಿನಿಂದ ಗರಗಸದಲ್ಲಿ ಕತ್ತರಿಸುತ್ತಾರೆ. ಒಂದೂವರೆ, ಎರಡು ವರ್ಷಕ್ಕೊಮ್ಮೆ ಮತ್ತೆ ಕತ್ತರಿಸಬೇಕು.
- ಕ್ರೂಗರ್ ಪ್ರದೇಶದ 11 ಅಭಯಾರಣ್ಯಗಳ 2017ರಿಂದ 2023ರ ಲೆಕ್ಕ ನೋಡಿ 2025ರಲ್ಲಿ ಪ್ರಕಟವಾದ ಅಧ್ಯಯನದಂತೆ, ಕೊಂಬು ತೆಗೆದ ಕಡೆ ಕಳ್ಳಬೇಟೆ ಶೇ. 78ರಷ್ಟು ಕಡಿಮೆಯಾಯಿತು, ಅದಕ್ಕೆ ತಗುಲಿದ್ದು ಕಾವಲಿನ ಒಟ್ಟು ಖರ್ಚಿನ ಶೇ. 1.2 ಮಾತ್ರ. ಆದರೂ ಉಳಿದ ಮೋಟುಕೊಂಬಿಗಾಗಿ ಕೆಲವನ್ನು ಕೊಂದಿದ್ದಾರೆ.
- ಕಪ್ಪು ಘೇಂಡಾಮೃಗಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಂತೆ, ಕೊಂಬು ತೆಗೆದ ಮೇಲೆ ಅವುಗಳ ಸಂಚಾರ ವ್ಯಾಪ್ತಿ ಸರಾಸರಿ ಶೇ. 45ರಷ್ಟು ಕುಗ್ಗಿತು.
- 2023ರಲ್ಲಿ ಕೊಲ್ಲಲ್ಪಟ್ಟ 499ರಲ್ಲಿ 406 ಸರ್ಕಾರಿ ಪ್ರದೇಶಗಳಲ್ಲಿ, 93 ಖಾಸಗಿ ಪ್ರದೇಶಗಳಲ್ಲಿ.

ಮಾಲೀಕರ ಗುಂಪಿನ ವಾದ ಮೊದಲು ಬಂತು. “ಕುರಿಗೆ ಒಡೆಯ ಇದ್ದಾನೆ, ಅದಕ್ಕೇ ಕುರಿ ಇದೆ. ಉಣ್ಣೆ ಕತ್ತರಿಸಿದಂತೆ ಕೊಂಬು ಕತ್ತರಿಸಿ ಮಾರಿದರೆ ಕಾವಲಿಗೆ ದುಡ್ಡು ಬರುತ್ತೆ.” 406 ಮತ್ತು 93ನ್ನು ತೋರಿಸಿ, ಖಾಸಗಿಯವರೇ ಚೆನ್ನಾಗಿ ಕಾಯುತ್ತಾರೆ ಎಂದರು.

ಸರ್ಕಾರದ ಗುಂಪು ಕೇಳಿತು: “ಸಂತೆಗೆ ಬಂದ ಕುರಿ ಕದ್ದದ್ದೋ ಅಲ್ಲವೋ ಹೇಗೆ ಗೊತ್ತಾಗುತ್ತೆ?” ಕಿವಿಯ ಗುರುತಿನಿಂದ ಎಂದಿತು ಮಾಲೀಕರ ಗುಂಪು. ಕೊಂಬಿಗೂ ಮೈಕ್ರೋಚಿಪ್ ಹಾಕುತ್ತಾರೆ, ಡಿಎನ್‌ಎ ಮಾದರಿ ಇಡುತ್ತಾರೆ ಎಂದು ನಾನು ಸೇರಿಸಿದೆ. “ಮಾಂಸ ಆದ ಮೇಲೆ ಕಿವಿ ಎಲ್ಲಿ? ಪುಡಿ ಮಾಡಿದ ಮೇಲೆ ಚಿಪ್ ಎಲ್ಲಿ?” ಎಂದು ಮರುಪ್ರಶ್ನೆ ಬಂತು. ಕಾನೂನುಬದ್ಧ ಮಾರುಕಟ್ಟೆಯ ನೆರಳಿನಲ್ಲಿ ಕಳ್ಳಮಾಲು ಸಾಗಬಹುದೆಂಬುದು ತಜ್ಞರ ಮುಖ್ಯ ಆಕ್ಷೇಪ. ಅದನ್ನು ಮಕ್ಕಳು ಸಂತೆಯ ಅನುಭವದಿಂದಲೇ ತಲುಪಿದ್ದರು.

ಆಮೇಲೆ ಗಸ್ತಿನವರ ಗುಂಪಿನ ಹುಡುಗಿಯೊಬ್ಬಳು ಹೇಳಿದ ಮಾತಿಗೆ ನಾನು ಸಿದ್ಧಳಾಗಿರಲಿಲ್ಲ. “ಈಗ ಉಣ್ಣೆಗೆ ರೇಟಿಲ್ಲ ಮಿಸ್. ಕತ್ತರಿಸಿದವರಿಗೆ ಕೊಡೋ ಕೂಲಿನೂ ಹುಟ್ಟಲ್ಲ. ಆದರೂ ಕುರಿ ಸಾಕ್ತೀವಿ, ಮಾಂಸ ಇದೆ ಅಂತ. ಕೊಂಬಿಗೆ ರೇಟು ಬಿದ್ದುಹೋದರೆ ಘೇಂಡಾಮೃಗ ಯಾರು ಸಾಕ್ತಾರೆ?”

ಆಗ ಚೀಟಿಯಲ್ಲಿ ಬರೆಯದೆ ಇಟ್ಟುಕೊಂಡಿದ್ದ ಒಂದು ನಿಜ ಸಂಗತಿಯನ್ನು ಹೇಳಿದೆ. ಜಾನ್ ಹ್ಯೂಮ್ ಎಂಬ ಮಾಲೀಕರು ಜಗತ್ತಿನಲ್ಲೇ ದೊಡ್ಡದಾದ ಘೇಂಡಾಮೃಗ ಫಾರ್ಮ್ ನಡೆಸಿದ್ದರು. ಸುಮಾರು 2,000 ಬಿಳಿ ಘೇಂಡಾಮೃಗಗಳಿದ್ದವು. ಕೊಂಬಿನ ವ್ಯಾಪಾರ ತೆರೆಯಬೇಕೆಂಬುದು ಅವರ ವಾದ. ವ್ಯಾಪಾರ ತೆರೆಯಲಿಲ್ಲ, ಕಾವಲಿನ ಖರ್ಚು ನಿಲ್ಲಲಿಲ್ಲ. 2023ರ ಏಪ್ರಿಲ್‌ನಲ್ಲಿ ಇಡೀ ಫಾರ್ಮನ್ನು ಹರಾಜಿಗಿಟ್ಟಾಗ ಒಬ್ಬರೂ ಕೂಗಲಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ‘ಆಫ್ರಿಕನ್ ಪಾರ್ಕ್ಸ್’ ಎಂಬ ಸಂರಕ್ಷಣಾ ಸಂಸ್ಥೆ ಅದನ್ನು ಕೊಂಡು, ಹತ್ತು ವರ್ಷದಲ್ಲಿ ಎಲ್ಲ ಪ್ರಾಣಿಗಳನ್ನೂ ಸಂರಕ್ಷಿತ ಕಾಡುಗಳಿಗೆ ಬಿಡುವುದಾಗಿ ಹೇಳಿತು. 2025ರಲ್ಲಿ 70 ಪ್ರಾಣಿಗಳು ರುವಾಂಡದ ಅಕಗೇರಾ ಉದ್ಯಾನ ಸೇರಿದವು.

ಇನ್ನೊಂದು ದಾರಿಯ ಉದಾಹರಣೆ ನಮ್ಮ ದೇಶದ್ದೇ. ಅಸ್ಸಾಂ ಸರ್ಕಾರ 2021ರ ಸೆಪ್ಟೆಂಬರ್ 22ರಂದು, ವಿಶ್ವ ಘೇಂಡಾಮೃಗ ದಿನದಂದು, ದಾಸ್ತಾನಿನಲ್ಲಿದ್ದ 2,479 ಕೊಂಬುಗಳನ್ನು ಸುಟ್ಟುಹಾಕಿತು. ಕೊಂಬಿಗೆ ಔಷಧಿಯ ಬೆಲೆಯಿಲ್ಲ ಎಂದು ಸಾರುವುದು ಉದ್ದೇಶ. ಒಂದು ದೇಶದಲ್ಲಿ ಬೀಗ ಹಾಕಿಟ್ಟ ವಸ್ತುವನ್ನು ಇನ್ನೊಂದು ದೇಶ ಬೆಂಕಿಗೆ ಹಾಕಿತು. “ಯಾರು ಸರಿ ಮಿಸ್?” ಎಂದು ಕೇಳಿದರು. ತಜ್ಞರಲ್ಲೂ ಇದರ ಬಗ್ಗೆ ಒಮ್ಮತವಿಲ್ಲ, ನಿಮ್ಮ ಅಭಿಪ್ರಾಯವನ್ನು ಕಾರಣದೊಂದಿಗೆ ಮನೆಯಲ್ಲಿ ಬರೆದು ತನ್ನಿ ಎಂದೆ. ಗಂಟೆ ಹೊಡೆಯಿತು.

ಮೌಲ್ಯಮಾಪನ ಮತ್ತು ಕೊರತೆಗಳು

ಮರುದಿನ ಬಂದ ಉತ್ತರಗಳಲ್ಲಿ ಕೊಂಬಿನ ರಚನೆಯ ಪ್ರಶ್ನೆಯನ್ನು ಹೆಚ್ಚಿನವರು ಸರಿಯಾಗಿ ಬರೆದಿದ್ದರು. ಕೃಷ್ಣಮೃಗವನ್ನು ಚುಕ್ಕೆ ಜಿಂಕೆಯ ಗುಂಪಿಗೆ ಸೇರಿಸಿದ ತಪ್ಪು ಕೆಲವರಲ್ಲಿತ್ತು. ಎರಡಕ್ಕೂ ನಾವು ಸಾಮಾನ್ಯವಾಗಿ ‘ಜಿಂಕೆ’ ಎನ್ನುವುದೇ ಕಾರಣ. ಅಭಿಪ್ರಾಯದ ಪ್ರಶ್ನೆಗೆ ಮಾರಬೇಕು, ಮಾರಬಾರದು ಎರಡೂ ಬಗೆಯ ಉತ್ತರಗಳಿದ್ದವು. ‘ಪ್ರಾಣಿಗಳನ್ನು ಕೊಲ್ಲಬಾರದು, ಅವು ನಮ್ಮ ಸಂಪತ್ತು’ ಎಂಬ ಗೈಡ್ ಪುಸ್ತಕದ ವಾಕ್ಯ ಬರೆದವರು ಕೆಲವರೇ.

ಕೊರತೆಗಳೂ ಇದ್ದವು. ನಕ್ಷೆಗೆ ಕೊಟ್ಟ ಸಮಯ ಸಾಲಲಿಲ್ಲ. ಅದನ್ನು ಗಣಿತದ ಅವಧಿಯೊಂದಿಗೆ ಜೋಡಿಸಬಹುದಿತ್ತು. ‘ಪಕ್ಕದ ಊರಿನವರು’ ಗುಂಪಿಗೆ ನಾನು ಕೊಟ್ಟ ಚೀಟಿ ತೀರ ತೆಳುವಾಗಿತ್ತು. ಅಭಯಾರಣ್ಯದ ಬೇಲಿಯ ಹೊರಗೆ ಬದುಕುವವರ ಮಾತಿಲ್ಲದೆ ಈ ಪಾಠ ಅರ್ಧ. ಆ ಗುಂಪಿನ ಮಕ್ಕಳು ಹೆಚ್ಚು ಹೊತ್ತು ಸುಮ್ಮನೆ ಕುಳಿತದ್ದು ಅವರ ತಪ್ಪಲ್ಲ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಸಂರಕ್ಷಣೆಯ ಪಾಠ ಬಹುಬೇಗ ಉಪದೇಶವಾಗಿಬಿಡುತ್ತದೆ. ‘ಉಳಿಸಬೇಕು’ ಎಂದರೆ ಮಕ್ಕಳು ‘ಹೌದು’ ಎನ್ನುತ್ತಾರೆ, ಪಾಠ ಮುಗಿಯುತ್ತದೆ. ಉಳಿಸಲು ಏನು ಮಾಡುತ್ತಾರೆ, ಯಾರು ದುಡ್ಡು ಕೊಡುತ್ತಾರೆ, ಯಾರು ರಾತ್ರಿ ಕಾಯುತ್ತಾರೆ, ಮಾಡಿದ ಉಪಾಯದಿಂದ ಪ್ರಾಣಿಗೆ ಏನಾಗುತ್ತದೆ ಎಂದು ಕೇಳಿದಾಗ ಮಾತ್ರ ಅದು ವಿಜ್ಞಾನದ ಪಾಠವಾಗುತ್ತದೆ. ಈ ಪ್ರಶ್ನೆಗಳನ್ನು ಕೇಳುವ ಶಕ್ತಿ ನನ್ನ ತರಗತಿಯಲ್ಲಿ ಮೊದಲ ದಿನವೇ ಇತ್ತು. ನಾನು ‘ಕೂತ್ಕೋ’ ಎಂದಿದ್ದೆ.

ಅಂಕದ ಪಾಠವನ್ನು ತಪ್ಪೊಪ್ಪಿಗೆಯಿಂದ ಆರಂಭಿಸುವುದು ಸುಲಭವಲ್ಲ. ಗೌರವ ಹೋಗುತ್ತದೆಂಬ ಭಯ ನನಗೂ ಇತ್ತು. ಆದದ್ದು ಇಷ್ಟೇ: ಮೊದಲ ಅವಧಿಯಲ್ಲಿ ಒಬ್ಬನೇ ಪ್ರಶ್ನೆ ಕೇಳಿದ್ದ, ಎರಡನೆಯದರಲ್ಲಿ ಉತ್ತರಿಸಲು ನನಗೆ ಸಮಯ ಸಾಲಲಿಲ್ಲ. ಶಾಲೆಯ ಕೊನೆಯ ದಿನ ಆ ಹುಡುಗ ಸ್ಟಾಫ್ ರೂಮಿನ ಬಾಗಿಲಿಗೆ ಬಂದು, “ಮಿಸ್, ಕತ್ತರಿಸಿದ ಕೊಂಬು ಎಷ್ಟು ದಿನಕ್ಕೆ ಪೂರ್ತಿ ಬರುತ್ತೆ?” ಎಂದು ಕೇಳಿದ. ಎರಡು ವರ್ಷದಲ್ಲಿ ಮತ್ತೆ ಕತ್ತರಿಸುವಷ್ಟು ಬರುತ್ತದೆ ಎಂಬುದು ಗೊತ್ತಿತ್ತು, ಅದನ್ನು ಹೇಳಿದೆ. “ಪೂರ್ತಿ ಬರೋಕೆ ಎಷ್ಟು ದಿನ ಅನ್ನೋದು ನನಗೆ ಗೊತ್ತಿಲ್ಲ, ನೋಡಿ ಹೇಳ್ತೀನಿ” ಎಂದೆ. ಅವನು ತಲೆಯಾಡಿಸಿ ಹೋದ. ನೋಡಿ ಹೇಳಬೇಕಾದ ಆ ಉತ್ತರ ಈಗಲೂ ನನ್ನ ಪಾಠ ಯೋಜನೆ ಪುಸ್ತಕದ ಕೊನೆಯ ಪುಟದಲ್ಲಿ ಬಾಕಿ ಕೆಲಸವಾಗಿ ಬರೆದಿದೆ.